ನಿಜವೆನಿಸುವ ವಿಆರ್ ಕಟ್ಟುವವರಿಗೆ: ಒಪ್ಪಿಗೆ, ಡೇಟಾ, ಹೊಣೆಗಾರಿಕೆಯ ಕೈಪಿಡಿ

ಹೆಡ್‌ಸೆಟ್ ಹಾಕಿಕೊಂಡವರಿಗೆ ತಾವು ನಿಂತಿರುವುದು ಗಟ್ಟಿ ನೆಲದ ಮೇಲೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ಆದರೂ ಕಾಲಡಿ ಪ್ರಪಾತ, ಅದರ ಮೇಲೊಂದು ಹಲಗೆ ಕಂಡ ಕೂಡಲೇ ಅಂಗೈ ಬೆವರುತ್ತದೆ, ಮೊಣಕಾಲು ಸಡಿಲಾಗುತ್ತದೆ, ಹೆಜ್ಜೆ ಮುಂದೆ ಬರುವುದಿಲ್ಲ. ಬುದ್ಧಿ ನಂಬದಿದ್ದರೂ ಮೈ ನಂಬಿಬಿಡುತ್ತದೆ. ನಿಜವೆನಿಸುವ ವರ್ಚುವಲ್ ರಿಯಾಲಿಟಿ (ವಿಆರ್, ಅಂದರೆ ಕಂಪ್ಯೂಟರ್ ಸೃಷ್ಟಿಸಿ ಹೆಡ್‌ಸೆಟ್‌ನಲ್ಲಿ ತೋರಿಸುವ ಜಗತ್ತು) ಎಬ್ಬಿಸುವ ಕಾನೂನು ಮತ್ತು ನೀತಿಯ ಪ್ರಶ್ನೆಗಳ ಬೇರು ಇಲ್ಲಿದೆ. ಮೊಬೈಲ್ ಆ್ಯಪ್‌ಗೆಂದು ಬರೆದ ಒಪ್ಪಿಗೆ ಪತ್ರವನ್ನೂ ಗೌಪ್ಯತಾ ನೀತಿಯನ್ನೂ ನಕಲು ಮಾಡಿ ವಿಆರ್‌ಗೆ ಅಂಟಿಸುವ ತಂಡಗಳು ಎಡವುವುದೂ ಇಲ್ಲೇ.

ತರಬೇತಿ, ಪಾಠ, ಸಂಶೋಧನೆ, ಆಟ ಹೀಗೆ ಯಾವುದಕ್ಕಾದರೂ ಸರಿ, ವಿಆರ್ ಅನುಭವ ಕಟ್ಟುವ ಅಥವಾ ನಡೆಸುವ ಸಣ್ಣ ತಂಡಗಳಿಗೆ ಈ ಬರಹ. ದೇಶದಿಂದ ದೇಶಕ್ಕೆ ಕಾನೂನು ಬದಲಾಗುತ್ತದೆ. ವಕೀಲರ ಮುಂದೆ ಕೂರುವಾಗ ನಿಮ್ಮ ಕೈಯಲ್ಲಿ ಇರಬೇಕಾದ ಕಾಗದಗಳು ಮಾತ್ರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಅವುಗಳನ್ನು ಕೆಲಸ ಶುರುವಾಗುವ ಮೊದಲೇ ಸಿದ್ಧ ಮಾಡಿಕೊಳ್ಳಿ. ಕೋಡ್ ಬರೆದು ಮುಗಿದ ಮೇಲೆ ಇವನ್ನು ಸೇರಿಸುವುದು ದುಬಾರಿ, ಕೆಲವೊಮ್ಮೆ ಅಸಾಧ್ಯ.

ದೃಶ್ಯಕ್ಕೊಂದು ಹಾಳೆ

ಸಂಶೋಧಕ ಮೆಲ್ ಸ್ಲೇಟರ್ 2009ರಲ್ಲಿ ವಿಆರ್‌ನ ನೈಜತೆಯನ್ನು ಎರಡಾಗಿ ಬಿಡಿಸಿ ತೋರಿಸಿದರು. ‘ನಾನು ಅಲ್ಲಿದ್ದೇನೆ’ ಅನ್ನಿಸುವುದು ಒಂದು, ‘ಇದು ನಿಜವಾಗಿಯೂ ನಡೆಯುತ್ತಿದೆ’ ಅನ್ನಿಸುವುದು ಇನ್ನೊಂದು. ಇವಕ್ಕೆ ಮೂರನೆಯದನ್ನು ಸೇರಿಸಿಕೊಳ್ಳಿ: ‘ಈ ದೇಹ ನನ್ನದು’ ಎಂಬ ಭಾವ. ಅಡಗಿಸಿಟ್ಟ ನಿಜವಾದ ಕೈಯನ್ನೂ ಕಣ್ಣೆದುರಿನ ರಬ್ಬರ್ ಕೈಯನ್ನೂ ಒಂದೇ ಹೊತ್ತಿಗೆ ಬ್ರಷ್‌ನಿಂದ ಸವರಿದರೆ ರಬ್ಬರ್ ಕೈಯೇ ತಮ್ಮದೆಂದು ಜನರಿಗೆ ಅನ್ನಿಸುತ್ತದೆ ಎಂದು ಬೊಟ್ವಿನಿಕ್ ಮತ್ತು ಕೊಹೆನ್ 1998ರಲ್ಲೇ ತೋರಿಸಿದ್ದರು. ವಿಆರ್‌ನಲ್ಲಿ ಇಡೀ ದೇಹಕ್ಕೆ ಹೀಗಾಗುತ್ತದೆ.

ಪ್ರತಿ ದೃಶ್ಯಕ್ಕೂ ಒಂದು ಹಾಳೆ ತೆಗೆದುಕೊಂಡು ಇಷ್ಟನ್ನು ಬರೆಯಿರಿ: ಏನು ನಡೆಯುತ್ತದೆ, ಬಳಸುವವರು ಯಾರ ದೇಹದಲ್ಲಿರುತ್ತಾರೆ, ಯಾರಿಗೆ ನೋವಾಗುತ್ತದೆ, ಮೂರು ಭಾವಗಳಲ್ಲಿ ಯಾವುದು ಎಷ್ಟು ಬಲವಾಗಿದೆ, ಇಷ್ಟು ನೈಜತೆ ಏಕೆ ಬೇಕು, ಕಡಿಮೆ ಮಾಡಿದರೆ ಏನು ಕೈತಪ್ಪುತ್ತದೆ. ಕೊನೆಯ ಎರಡಕ್ಕೆ ಉತ್ತರ ಹೊಳೆಯದಿದ್ದರೆ ಆ ನೈಜತೆ ಬೇಡದ್ದು.

ಒಂದು ಉದಾಹರಣೆ. ಅಪಘಾತದಲ್ಲಿ ರಕ್ತ ಸೋರುತ್ತಿರುವ ಕಾಲಿಗೆ ಪಟ್ಟಿ ಬಿಗಿಯುವ ತರಬೇತಿ ಎಂದುಕೊಳ್ಳಿ. ಗಾಯ ಎಲ್ಲಿದೆ, ರಕ್ತ ಎಷ್ಟು ರಭಸದಿಂದ ಬರುತ್ತಿದೆ, ಪಟ್ಟಿಯನ್ನು ಎಷ್ಟು ಮೇಲೆ ಕಟ್ಟಬೇಕು, ಕಟ್ಟಿದ ಮೇಲೆ ರಕ್ತ ನಿಲ್ಲಲು ಎಷ್ಟು ಹೊತ್ತು ಬೇಕು, ಇವೆಲ್ಲ ಕರಾರುವಾಕ್ಕಾಗಿರಬೇಕು. ಕಲಿಕೆ ಇರುವುದೇ ಅಲ್ಲಿ. ಗಾಯಾಳುವಿನ ಮುಖದ ಚರ್ಮದ ರಂಧ್ರಗಳು, ಪಕ್ಕದಲ್ಲಿ ಅಳುವ ಮಗು, ಸಾಯುವವರ ಕಣ್ಣೋಟ ಈ ಕೌಶಲಕ್ಕೆ ಏನನ್ನೂ ಸೇರಿಸುವುದಿಲ್ಲ. ನೋಡಿದವರ ನಿದ್ದೆ ಕೆಡಿಸುತ್ತವೆ, ಅಷ್ಟೆ. ಅನುಭವಿ ಸಿಬ್ಬಂದಿಗೆ ಗದ್ದಲದ ನಡುವೆ ಕೆಲಸ ಮಾಡುವ ಅಭ್ಯಾಸ ಬೇಕೆಂದಾದರೆ ಆ ಪದರವನ್ನು ಬೇರೆಯೇ ಹಂತವಾಗಿ ಇಡಿ, ಮೊದಲ ಹಂತ ದಾಟಿದವರಿಗೆ ಮಾತ್ರ ತೆರೆಯಿರಿ.

‘ಅದು ನಿಜವಲ್ಲವಲ್ಲ, ಏನಾಗುತ್ತದೆ’ ಎನ್ನುವವರು ತಂಡದಲ್ಲಿ ಇದ್ದೇ ಇರುತ್ತಾರೆ. ಮೇಲಿನವರು ಹೇಳಿದರೆಂದು ಜನ ಇನ್ನೊಬ್ಬರಿಗೆ ವಿದ್ಯುತ್ ಶಾಕ್ ಕೊಡುತ್ತಾರೆಯೇ ಎಂದು ನೋಡಿದ, ಸ್ಟ್ಯಾನ್ಲಿ ಮಿಲ್‌ಗ್ರಾಂ ಅವರ ಹೆಸರಾಂತ ವಿಧೇಯತೆಯ ಪ್ರಯೋಗವನ್ನು ಸ್ಲೇಟರ್ ತಂಡ ವಿಆರ್‌ನಲ್ಲಿ ಮತ್ತೆ ನಡೆಸಿ 2006ರಲ್ಲಿ ಪ್ರಕಟಿಸಿತು. ವಿದ್ಯುತ್ ಶಾಕ್ ತಿನ್ನುತ್ತಿರುವ ಮಹಿಳೆ ಕಂಪ್ಯೂಟರ್ ಚಿತ್ರ ಎಂದು ಎಲ್ಲರಿಗೂ ಗೊತ್ತಿತ್ತು. ಆಕೆಯನ್ನು ನೋಡುತ್ತ, ಕೇಳುತ್ತ ಶಾಕ್ ಕೊಟ್ಟವರ ನಡವಳಿಕೆಯೂ ದೇಹದ ಪ್ರತಿಕ್ರಿಯೆಯೂ ನಿಜವಾದ ವ್ಯಕ್ತಿಯ ಎದುರಿನಲ್ಲಿದ್ದಂತೆಯೇ ಇದ್ದವು. 2016ರಲ್ಲಿ ಮೈಕಲ್ ಮಡರಿ ಮತ್ತು ಥಾಮಸ್ ಮೆಟ್ಸಿಂಗರ್ ಬರೆದ ವಿಆರ್ ನೀತಿಸಂಹಿತೆಯ ಒಂದು ನಿಯಮ ಇದರ ಬೆಳಕಿನಲ್ಲಿ ಅರ್ಥವಾಗುತ್ತದೆ: ಗಂಭೀರವಾದ ಅಥವಾ ಬಹುಕಾಲ ಉಳಿಯುವ ಹಾನಿ ಆಗಬಹುದೆಂದು ಮೊದಲೇ ಊಹಿಸಬಹುದಾದ ಪ್ರಯೋಗವನ್ನು ನಡೆಸಕೂಡದು. ಸಂಶೋಧನೆಗೆ ಹೇಳಿದ ಮಾತು ಇದು. ಮಾರಾಟದ ಸರಕಿಗೂ ಅನ್ವಯಿಸಿ ನೋಡುವುದು ಒಳ್ಳೆಯದು.

ಒಪ್ಪಿಗೆ: ಹೆಡ್‌ಸೆಟ್ ಮುಟ್ಟುವ ಮೊದಲು

ಒಪ್ಪಿಗೆಯನ್ನು ಹೆಡ್‌ಸೆಟ್ ಒಳಗೆ ತೇಲುವ ಫಲಕದಲ್ಲಿ ಕೇಳಬೇಡಿ. ಆ ಹೊತ್ತಿಗೆ ಮನುಷ್ಯ ಅರ್ಧ ಒಳಗೆ ಹೋಗಿಯಾಗಿರುತ್ತದೆ, ಅಕ್ಷರ ಓದುವುದು ಕಷ್ಟ, ಪಕ್ಕದಲ್ಲಿ ಸಾಲು ಕಾಯುತ್ತಿರುತ್ತದೆ. ಎಲ್ಲರೂ ‘ಸರಿ’ ಒತ್ತಿ ಮುಂದೆ ಹೋಗುತ್ತಾರೆ. ಕಾಗದದಲ್ಲೋ ಮಾಮೂಲಿ ಪರದೆಯಲ್ಲೋ, ಕೂತು ಓದುವಂತೆ ಕೊಡಿ. ‘ಕೆಲವರಿಗೆ ಅಹಿತಕರ ಅನ್ನಿಸಬಹುದು’ ಎಂಬಂಥ ಸಾಲು ಒಪ್ಪಿಗೆಯ ಮಟ್ಟಿಗೆ ಶೂನ್ಯ. ಒಪ್ಪುವವರಿಗೆ ತಾವು ಯಾವುದಕ್ಕೆ ಒಪ್ಪುತ್ತಿದ್ದೇವೆ ಎಂದು ಕಾಣಬೇಕು. ಅಗ್ನಿ ಸುರಕ್ಷತೆಯ ತರಬೇತಿಗೆ ಹೀಗೆ ಬರೆಯಬಹುದು:

‘ಈ ಅನುಭವ 12 ನಿಮಿಷದ್ದು. ಹೊಗೆ ತುಂಬಿದ ಕಟ್ಟಡದಲ್ಲಿ ನೀವು ಒಬ್ಬರೇ ಇರುತ್ತೀರಿ. 7ನೇ ನಿಮಿಷದ ಹೊತ್ತಿಗೆ ದೀಪ ಆರುತ್ತದೆ, ಕಿರುಚಾಟ ಕೇಳಿಸುತ್ತದೆ, ಗಾಯಗೊಂಡ ಒಬ್ಬರು ಕಾಣಿಸುತ್ತಾರೆ. ಎದೆ ಹೊಡೆದುಕೊಳ್ಳಬಹುದು, ಉಸಿರು ಕಟ್ಟಿದಂತೆ ಅನ್ನಿಸಬಹುದು. ಎರಡೂ ಕಂಟ್ರೋಲರ್‌ಗಳ ಹಿಡಿಯ ಗುಂಡಿಯನ್ನು ಒಟ್ಟಿಗೆ 2 ಸೆಕೆಂಡ್ ಒತ್ತಿದರೆ ಎಲ್ಲ ನಿಲ್ಲುತ್ತದೆ. ಕಾರಣ ಹೇಳಬೇಕಿಲ್ಲ, ಫಲಿತಾಂಶದಲ್ಲಿ ಅದು ದಾಖಲಾಗುವುದಿಲ್ಲ. ನಿಮ್ಮ ತಲೆ, ಕೈಗಳ ಚಲನೆಯನ್ನು ಚಿತ್ರ ತೋರಿಸಲು ಮಾತ್ರ ಬಳಸುತ್ತೇವೆ, ಉಳಿಸಿಕೊಳ್ಳುವುದಿಲ್ಲ. ಯಾವ ಬಾಗಿಲು ಆರಿಸಿದಿರಿ, ಹೊರಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದು 30 ದಿನ ನಮ್ಮ ಬಳಿ ಇರುತ್ತದೆ.’

ದೃಶ್ಯದ ಗುಟ್ಟು ಬಿಟ್ಟುಕೊಟ್ಟಂತಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಬೆಚ್ಚಿಬೀಳಿಸುವುದೇ ಉದ್ದೇಶವಾದರೆ ಯಾವ ಬಗೆಯ ಸಂಗತಿ ಬರುತ್ತದೆ ಎಂದು ಹೇಳಿ, ಯಾವ ಕ್ಷಣದಲ್ಲಿ ಎಂಬುದನ್ನು ಬಿಡಿ.

ಓದಿಸಿದ ಮೇಲೆ ಏನೂ ನಡೆಯದ ಖಾಲಿ ಕೋಣೆಯೊಂದರಲ್ಲಿ 1-2 ನಿಮಿಷ ಇರಿಸಿ, ಹೊರಬರುವ ವಿಧಾನವನ್ನು ಅವರ ಕೈಯಿಂದಲೇ ಎರಡು ಬಾರಿ ಮಾಡಿಸಿ. ಇದನ್ನು ಬಿಟ್ಟರೆ ಮೇಲಿನ ಕಾಗದಕ್ಕೆ ಬೆಲೆ ಇಲ್ಲ. ಗಾಬರಿಯಾದವರು ಮೆನು ಹುಡುಕುವುದಿಲ್ಲ. ಕಣ್ಣು ಮುಚ್ಚಿಕೊಂಡು ಹೆಡ್‌ಸೆಟ್ ಕಿತ್ತೆಸೆಯುತ್ತಾರೆ, ಇಲ್ಲವೇ ಹಿಂದಕ್ಕೆ ಓಡುತ್ತಾರೆ. ಹಾಗಾಗಿ ನಿಲ್ಲಿಸುವ ದಾರಿ ಮೂರಿರಲಿ: ಗುಂಡಿ, ಬಾಯಿಮಾತು, ಪಕ್ಕದಲ್ಲಿ ನಿಂತ ಸಿಬ್ಬಂದಿಯ ಕೈಯಲ್ಲೊಂದು ಸ್ವಿಚ್. ನಿಲ್ಲಿಸಿದಾಗ ‘ಖಚಿತವೇ?’ ಎಂದು ಕೇಳಬೇಡಿ. ಚಿತ್ರ ಅಲ್ಲೇ ಸ್ತಬ್ಧವಾಗಿ ತಲೆಗೆ ಅಂಟಿಕೊಂಡಂತೆ ತಿರುಗಿದರೆ ಆ ಕ್ಷಣವೇ ವಾಕರಿಕೆ ಬರುತ್ತದೆ. ತಲೆಯ ಚಲನೆಯನ್ನು ಹಿಂಬಾಲಿಸುವುದನ್ನು ನಿಲ್ಲಿಸದೆ ಒಂದು ಸೆಕೆಂಡಿನಲ್ಲಿ ದೃಶ್ಯ ಮಸುಕಾಗಿ, ಮೊದಲು ನೋಡಿದ ಅದೇ ಖಾಲಿ ಕೋಣೆ ಬರಲಿ.

ನೌಕರರಿಗೆ ತರಬೇತಿ ಕೊಡುವಾಗ ಇನ್ನೊಂದು ತೊಡಕಿದೆ. ಸಂಬಳ ಕೊಡುವವರು ಕೇಳಿದಾಗ ‘ಬೇಡ’ ಎನ್ನುವುದು ಸುಲಭವಲ್ಲ, ಆದ್ದರಿಂದ ಯುರೋಪಿನ ಡೇಟಾ ಸಂರಕ್ಷಣಾ ನಿಯಂತ್ರಕರು ನೌಕರರ ಒಪ್ಪಿಗೆಯನ್ನು ಸಾಮಾನ್ಯವಾಗಿ ಮುಕ್ತ ಒಪ್ಪಿಗೆಯೆಂದು ಒಪ್ಪುವುದಿಲ್ಲ. ವಿಆರ್ ಬೇಡವೆಂದವರಿಗೆ ಅದೇ ಪ್ರಮಾಣಪತ್ರ ಸಿಗುವ ಬೇರೊಂದು ದಾರಿ ಇಟ್ಟು, ಅದನ್ನು ಪತ್ರದ ಮೊದಲ ಪುಟದಲ್ಲೇ ತಿಳಿಸಿ.

ಮೈಗೆ ಆಗುವ ತೊಂದರೆ

ಮೊಕದ್ದಮೆಯ ದೃಷ್ಟಿಯಿಂದ ನೋಡಿದರೆ ಬೀಳುವುದು, ಗುದ್ದಿಕೊಳ್ಳುವುದು, ತಲೆಸುತ್ತು ಇವೇ ಮೊದಲು ಬರುವ ದೂರುಗಳು, ಇವನ್ನು ತಡೆಯುವುದೂ ಸುಲಭ. ಪ್ರತಿಯೊಬ್ಬರಿಗೂ ಕನಿಷ್ಠ 2 ಮೀಟರ್ ಉದ್ದ, 2 ಮೀಟರ್ ಅಗಲದ ಖಾಲಿ ಜಾಗ ಬಿಡಿ. ತಲೆ ತಿರುಗಿಸಿದ್ದಕ್ಕೂ ಚಿತ್ರ ಬದಲಾಗುವುದಕ್ಕೂ ನಡುವಿನ ವಿಳಂಬ 20 ಮಿಲಿಸೆಕೆಂಡ್ ಒಳಗಿರಲಿ. ಸೆಕೆಂಡಿಗೆ 90 ಫ್ರೇಮ್ (ಬಿಡಿ ಚಿತ್ರ) ಕೊಡಲಾಗದ ದೃಶ್ಯವಿದ್ದರೆ ಮೊದಲು ಗ್ರಾಫಿಕ್ಸ್‌ನ ಗುಣಮಟ್ಟ ತಗ್ಗಿಸಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ಬೆಳಕು ಬೇಡ. ವೆಬ್ ಪುಟಗಳಿಗೆ ಇರುವ ಸುಗಮತೆಯ ಮಾನದಂಡವೂ ಇದನ್ನೇ ಹೇಳುತ್ತದೆ, ಕಣ್ಣನ್ನು ಪೂರ್ತಿ ಆವರಿಸುವ ಪರದೆಗೆ ಇದು ಇನ್ನೂ ಮುಖ್ಯ. ಅಪಸ್ಮಾರ ಇದೆಯೇ ಎಂದು ಮೊದಲೇ ಕೇಳಿ. 1993ರಿಂದ ಬಳಕೆಯಲ್ಲಿರುವ, 16 ಲಕ್ಷಣಗಳ ಸಿಮ್ಯುಲೇಟರ್ ಅಸ್ವಸ್ಥತೆ ಪ್ರಶ್ನಾವಳಿಯನ್ನು ಹೊಸ ದೃಶ್ಯ ಬಂದಾಗಲೆಲ್ಲ ಪರೀಕ್ಷಾ ಬಳಕೆದಾರರಿಂದ ಮೊದಲೊಮ್ಮೆ, ನಂತರ ಒಮ್ಮೆ ತುಂಬಿಸಿ. ಮುಗಿದ ಕೂಡಲೇ ವಾಹನ ಓಡಿಸಲು ಬಿಡಬೇಡಿ. ಅರ್ಧ ಗಂಟೆ ಕೂರಿಸಿ.

ಖಾಲಿ ಜಾಗದ ಅಂಚಿಗೆ ಬಂದಾಗ ಹೆಡ್‌ಸೆಟ್‌ನಲ್ಲಿ ಗಡಿ ತೋರಿಸುವ ಜಾಲರಿಯನ್ನೇ ಹೊರಗಿನವರು ಬದಲಿಸಬಲ್ಲರು ಎಂಬುದು ಹಲವರಿಗೆ ಗೊತ್ತಿಲ್ಲ. ಅಮೆರಿಕದ ನ್ಯೂ ಹೇವನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಆರ್ ವ್ಯವಸ್ಥೆಗಳ ಸುರಕ್ಷಾ ಗಡಿಯನ್ನು ತಿರುಚಿ ತೋರಿಸಿದರು. ಬಳಸುತ್ತಿರುವವರಿಗೇ ಗೊತ್ತಾಗದಂತೆ ಅವರನ್ನು ಕೋಣೆಯೊಳಗೆ ಬೇಕಾದ ಕಡೆಗೆ ನಡೆಸಿದರು. ಗಡಿಯ ಕಡತಕ್ಕೆ ಬರೆಯುವ ಅನುಮತಿ ಬೇರೆ ಆ್ಯಪ್‌ಗಳಿಗೆ ಇರಕೂಡದು, ಅಪ್‌ಡೇಟ್‌ಗಳಿಗೆ ಡಿಜಿಟಲ್ ಸಹಿ ಇರಬೇಕು. ಇಲ್ಲಿ ಸಡಿಲ ಬಿಟ್ಟು ಯಾರಾದರೂ ಬಿದ್ದರೆ ಹೊಣೆ ನಿಮ್ಮ ಬಾಗಿಲಿಗೇ ಬರುತ್ತದೆ.

ಚಲನೆಯ ಡೇಟಾ: ಎಲ್ಲರೂ ಹಗುರಾಗಿ ಕಾಣುವ ಅಪಾಯ

ಒಂದು ಲೆಕ್ಕ ನೋಡಿ. ತಲೆ, ಎಡಗೈ, ಬಲಗೈ ಹೀಗೆ ಮೂರು ಬಿಂದು. ಪ್ರತಿ ಬಿಂದುವಿಗೆ ಸ್ಥಾನದ 3 ಅಂಕಿ, ತಿರುಗುವಿಕೆಯ 4 ಅಂಕಿ. ಸೆಕೆಂಡಿಗೆ 90 ಸಲ ದಾಖಲಿಸಿದರೆ ಸೆಕೆಂಡಿಗೆ 1,890 ಅಂಕಿ. 10 ನಿಮಿಷಕ್ಕೆ 11,34,000. ಒಂದು ಅಂಕಿಗೆ 4 ಬೈಟ್ ಎಂದರೂ ಕಡತದ ಗಾತ್ರ ಸುಮಾರು 4.5 ಎಂಬಿ, ಒಂದು ಫೋಟೊದಷ್ಟು. ‘ಆಮೇಲೆ ಬೇಕಾದೀತು, ಇರಲಿ ಬಿಡು’ ಎಂದು ಉಳಿಸಿಕೊಳ್ಳುವುದು ಸುಲಭವಾಗುವುದೇ ಇದರಿಂದ.

ಆ 4.5 ಎಂಬಿಯಲ್ಲಿ ಮನುಷ್ಯ ಇದ್ದಾನೆ. ನೆಟ್ಟಗೆ ನಿಂತಾಗಿನ ತಲೆಯ ಸ್ಥಾನದಿಂದ ಎತ್ತರ, ಚಾಚಿದ ಕೈಗಳಿಂದ ತೋಳಿನ ಉದ್ದ, ಯಾವ ಕೈ ಮುಂದಾಗುತ್ತದೆ ಎಂಬುದರಿಂದ ಎಡಚರೋ ಅಲ್ಲವೋ, ನಡುಕ, ಕುಂಟು, ಪ್ರತಿಕ್ರಿಯೆಯ ವೇಗ ಎಲ್ಲ ಸಿಗುತ್ತವೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2020ರಲ್ಲಿ 511 ಜನರ ಚಲನೆಯನ್ನು ಪರೀಕ್ಷಿಸಿದಾಗ, ಒಬ್ಬೊಬ್ಬರದು 5 ನಿಮಿಷಕ್ಕಿಂತ ಕಡಿಮೆ ದಾಖಲೆ ಸಾಕಾಗಿ, ಶೇ 95ರಷ್ಟು ಸರಿಯಾಗಿ ಗುರುತು ಹಿಡಿಯಲಾಯಿತು. 2023ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರ ನೇತೃತ್ವದ ತಂಡ 55 ಸಾವಿರಕ್ಕೂ ಹೆಚ್ಚು ಆಟಗಾರರ ದಾಖಲೆಯಲ್ಲಿ 100 ಸೆಕೆಂಡಿನ ಚಲನೆಯಿಂದ ಶೇ 94ರಷ್ಟು, 10 ಸೆಕೆಂಡಿನಿಂದ ಶೇ 73ರಷ್ಟು ಸರಿಯಾಗಿ ಗುರುತಿಸಿತು. ಹೆಸರು, ಇಮೇಲ್ ಅಳಿಸಿ ‘ಅನಾಮಿಕಗೊಳಿಸಿದ್ದೇವೆ’ ಎನ್ನುವ ತಂಡ ಸುಳ್ಳು ಭರವಸೆ ಕೊಡುತ್ತಿದೆ, ಅದು ಅವರಿಗೆ ಗೊತ್ತಿರದಿದ್ದರೂ.

ಕಾನೂನು ಇಲ್ಲಿ ಒಂದೇ ಸಮ ಇಲ್ಲ. ಯುರೋಪಿನ ಡೇಟಾ ಸಂರಕ್ಷಣಾ ಕಾನೂನಾದ ಜಿಡಿಪಿಆರ್ ಜೈವಿಕ ಗುರುತಿನ ಡೇಟಾವನ್ನು ವ್ಯಾಖ್ಯಾನಿಸುವಾಗ ನಡವಳಿಕೆಯ ಲಕ್ಷಣಗಳನ್ನೂ ಸೇರಿಸಿಕೊಳ್ಳುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದ 2008ರ ಕಾಯ್ದೆ ಕಣ್ಣಿನ ಐರಿಸ್, ಬೆರಳಚ್ಚು, ಧ್ವನಿಮುದ್ರೆ, ಕೈ ಅಥವಾ ಮುಖದ ರಚನೆ ಎಂದು ಪಟ್ಟಿ ಮಾಡುತ್ತದೆ; ನಡೆಯುವ, ತಿರುಗುವ ರೀತಿ ಆ ಪಟ್ಟಿಯಲ್ಲಿಲ್ಲ. ಅದೇ ಕಾಯ್ದೆಯಲ್ಲಿ ಅಸಡ್ಡೆಯಿಂದ ಆದ ಉಲ್ಲಂಘನೆಗೆ 1,000 ಡಾಲರ್, ಬೇಕೆಂದೇ ಮಾಡಿದ್ದಕ್ಕೆ 5,000 ಡಾಲರ್ ಪರಿಹಾರವಿದೆ. ಎಲ್ಲಕ್ಕಿಂತ ಕಟ್ಟುನಿಟ್ಟಾದ ನಿಯಮವನ್ನೇ ಮೂಲವಾಗಿಟ್ಟುಕೊಂಡು ಕಟ್ಟುವುದು ಅಗ್ಗ.

ಮಾಡಬೇಕಾದ್ದು ಇಷ್ಟು. ಸಾಧನ ಏನೇನು ಅಳೆಯುತ್ತದೆ ಎಂದು ಪಟ್ಟಿ ಮಾಡಿ: ತಲೆ, ಕೈ, ಕಣ್ಣಿನ ನೋಟ, ಪಾಪೆಯ ಗಾತ್ರ, ಮುಖಭಾವ, ಧ್ವನಿ, ಕ್ಯಾಮೆರಾಕ್ಕೆ ಕಾಣುವ ಕೋಣೆ. ಪ್ರತಿಯೊಂದರ ಮುಂದೆ ಅದು ಹುಟ್ಟುವ ಜಾಗ, ಹೋಗುವ ಜಾಗ, ಅಳಿಯುವ ದಿನ ಬರೆಯಿರಿ. ಚಿತ್ರ ತೋರಿಸಲು ಬೇಕಾದದ್ದು ಸಾಧನದೊಳಗೇ ಹುಟ್ಟಿ ಅಲ್ಲೇ ಸಾಯಲಿ. ಹೊರಗೆ ಕಳಿಸಬೇಕಾದದ್ದು ತೀರ್ಮಾನ ಮಾತ್ರ: ಯಾವ ಬಾಗಿಲು, ಎಷ್ಟು ಸೆಕೆಂಡ್, ಸರಿಯೋ ತಪ್ಪೋ. ಆ್ಯಪಲ್ ತನ್ನ ವಿಷನ್ ಪ್ರೊ ಹೆಡ್‌ಸೆಟ್‌ನಲ್ಲಿ ಇದೇ ಕ್ರಮ ಅನುಸರಿಸಿದೆ: ಕಣ್ಣು ಎಲ್ಲೆಲ್ಲಿ ಓಡಾಡಿತು ಎಂಬುದು ಆ್ಯಪ್‌ಗಳಿಗೆ ಸಿಗುವುದಿಲ್ಲ, ಬೆರಳು ಚಿವುಟಿ ಆರಿಸಿದ್ದು ಮಾತ್ರ ತಲುಪುತ್ತದೆ. ಅಷ್ಟಾದರೂ 2024ರಲ್ಲಿ ಸಂಶೋಧಕರು ಅವತಾರದ (ಬಳಸುವವರ ಬದಲಿಗೆ ಇತರರಿಗೆ ಕಾಣುವ ಕಂಪ್ಯೂಟರ್ ರೂಪದ) ಕಣ್ಣುಗಳ ಚಲನೆಯನ್ನೇ ನೋಡಿ, ಬಳಸುವವರು ಏನು ಟೈಪ್ ಮಾಡುತ್ತಿದ್ದಾರೆಂದು ಊಹಿಸಿ ತೋರಿಸಿದರು. ಕಂಪನಿ ಅದನ್ನು ಅಪ್‌ಡೇಟ್‌ನಲ್ಲಿ ಸರಿಪಡಿಸಿತು. ಕಳಿಸದ ಡೇಟಾ ಚಿತ್ರದ ಮೂಲಕ ಸೋರುತ್ತದೆಯೇ ಎಂದೂ ನೋಡಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ.

ಎಡವುವ ಜಾಗಗಳು ಮಾಮೂಲಿಯವೇ. ದೃಶ್ಯ ಕಟ್ಟಲು ಬಳಸುವ ಗೇಮ್ ಎಂಜಿನ್ ತಂತ್ರಾಂಶದಲ್ಲಿ, ಬಳಕೆಯ ಮಾಹಿತಿ ಕಲೆಹಾಕುವ ಅನಾಲಿಟಿಕ್ಸ್ ಮೊದಲಿನಿಂದಲೇ ಆನ್ ಆಗಿರುತ್ತದೆ. ಕ್ರ್ಯಾಶ್ ವರದಿಯ ಜೊತೆ ಕೊನೆಯ ಕ್ಷಣಗಳ ಚಲನೆ, ಕೆಲವೊಮ್ಮೆ ಧ್ವನಿಯೂ ಹೋಗಿರುತ್ತದೆ. ಪರೀಕ್ಷೆಗೆಂದು ತೆರೆದ ಲಾಗ್ ಬಿಡುಗಡೆಯ ಆವೃತ್ತಿಯಲ್ಲಿ ಹಾಗೇ ಉಳಿದಿರುತ್ತದೆ. ಬಿಡುಗಡೆಗೆ ಮುನ್ನ ಹೆಡ್‌ಸೆಟ್‌ನ ನೆಟ್‌ವರ್ಕ್ ಸಂಚಾರವನ್ನು 20 ನಿಮಿಷ ಹಿಡಿದಿಟ್ಟು, ಅದು ಯಾವ ಯಾವ ಸರ್ವರ್‌ಗೆ ಮಾತಾಡಿತು ಎಂದು ಸಾಲುಸಾಲಾಗಿ ನೋಡಿ. ಪಟ್ಟಿಯಲ್ಲಿಲ್ಲದ ಒಂದು ವಿಳಾಸ ಕಂಡರೂ ಬಿಡುಗಡೆ ನಿಲ್ಲಿಸಿ.

ಕಣ್ಣು, ಮುಖ, ಧ್ವನಿಯಿಂದ ಭಾವನೆ ಊಹಿಸುವ ಸೌಲಭ್ಯ ಮಾರುವವರು ಬರುತ್ತಾರೆ. ಯುರೋಪಿನ ಎಐ ಕಾಯ್ದೆಯ ಪ್ರಕಾರ 2025ರ ಫೆಬ್ರುವರಿ 2ರಿಂದ ಕೆಲಸದ ಜಾಗ, ಶಿಕ್ಷಣ ಸಂಸ್ಥೆಗಳಲ್ಲಿ ಇದು ನಿಷಿದ್ಧ; ವೈದ್ಯಕೀಯ, ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ. ನಿಷೇಧವಿಲ್ಲದ ಕಡೆಯೂ ಇದನ್ನು ಸೇರಿಸದಿರುವುದೇ ಮೇಲು. ಪಾಪೆ ಹಿಗ್ಗುವುದಕ್ಕೆ ಭಯವೂ ಕಾರಣ, ಮಂದ ಬೆಳಕೂ ಕಾರಣ. ಆ ಊಹೆಯ ಮೇಲೆ ಒಬ್ಬರ ನೌಕರಿಯ ಅಂಕ ನಿಲ್ಲಬಾರದು.

ಮಕ್ಕಳು

2009ರ ಸ್ಟ್ಯಾನ್‌ಫರ್ಡ್ ಅಧ್ಯಯನವೊಂದರಲ್ಲಿ, ವಿಆರ್‌ನಲ್ಲಿ ತಿಮಿಂಗಿಲಗಳ ಜೊತೆ ಈಜಿದ್ದ ಶಾಲಾ ಮಕ್ಕಳಲ್ಲಿ ಹಲವರು ದಿನಗಳು ಕಳೆದ ಮೇಲೆ ಅದು ನಿಜವಾಗಿ ನಡೆದದ್ದೆಂದೇ ನೆನಪಿಸಿಕೊಂಡರು. ಮಕ್ಕಳಿಗೆ ತೋರಿಸುವ ದೃಶ್ಯದಲ್ಲಿ ಸುಳ್ಳು ಇತಿಹಾಸ, ಗುರುತಿನ ಜನರ ನಕಲು, ಜಾಹೀರಾತು ಇರಬಾರದೆನ್ನುವುದಕ್ಕೆ ಇಷ್ಟು ಸಾಕು. ಮುಗಿದ ಮೇಲೆ ದೊಡ್ಡವರೊಬ್ಬರು ಕೂತು, ಒಳಗೆ ಕಂಡದ್ದೇನು, ಹೊರಗೆ ಇರುವುದೇನು ಎಂದು ಮಾತಾಡಿಸಬೇಕು.

ವಯಸ್ಸಿನ ಗೆರೆ ಒಂದೊಂದು ಕಡೆ ಒಂದೊಂದು. ಅಮೆರಿಕದ 1998ರ ಮಕ್ಕಳ ಆನ್‌ಲೈನ್ ಗೌಪ್ಯತಾ ಕಾಯ್ದೆಗೆ 13; ಜಿಡಿಪಿಆರ್‌ಗೆ 16, ಸದಸ್ಯ ದೇಶಗಳು 13ರವರೆಗೆ ಇಳಿಸಬಹುದು; ಭಾರತದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಗೆ 18. ಹೆಡ್‌ಸೆಟ್ ಕಂಪನಿ ಹೇಳುವ ಕನಿಷ್ಠ ವಯಸ್ಸು ಬೇರೆ, ಡೇಟಾ ಕಾನೂನಿನ ವಯಸ್ಸು ಬೇರೆ, ಎರಡನ್ನೂ ದಾಟಬೇಕು. ಅಪ್ರಾಪ್ತರಂತೆ ಕಾಣುವ ಅವತಾರಗಳಿಗೆ ಲೈಂಗಿಕ ದೃಶ್ಯಗಳಲ್ಲಿ ಎಡೆಯೇ ಇಲ್ಲ. ಕಂಪ್ಯೂಟರ್‌ನಲ್ಲಿ ರಚಿಸಿದ್ದಾದರೂ ಹಲವು ದೇಶಗಳಲ್ಲಿ ಅದು ಅಪರಾಧ.

ಇನ್ನೊಬ್ಬರು ಇರುವ ಕೋಣೆ

ಹಲವರು ಒಟ್ಟಿಗೆ ಸೇರುವ ವಿಆರ್‌ನಲ್ಲಿ ಅವತಾರವನ್ನು ಸವರುವುದು, ಸುತ್ತುಗಟ್ಟುವುದು ನಿಜವಾದ ಹಿಂಸೆಯಾಗಿ ತಟ್ಟುತ್ತದೆ. ಮೈ ಮುಟ್ಟುವುದನ್ನೇ ಆಧಾರವಾಗಿಟ್ಟು ಬರೆದ ದಂಡಸಂಹಿತೆಗಳು ಇದರ ಮುಂದೆ ತಡಕಾಡುತ್ತವೆ. ಬ್ರಿಟನ್ ಪೊಲೀಸರು 16 ವರ್ಷದೊಳಗಿನ ಹುಡುಗಿಯ ಅವತಾರದ ಮೇಲಿನ ಸಾಮೂಹಿಕ ದೌರ್ಜನ್ಯದ ದೂರನ್ನು ತನಿಖೆಗೆ ಎತ್ತಿಕೊಂಡ ಸುದ್ದಿ 2024ರ ಜನವರಿಯಲ್ಲಿ ಬಂದಾಗ ಈ ಪ್ರಶ್ನೆ ಎಲ್ಲೆಡೆ ಎದ್ದಿತು. ಕಾನೂನು ಬರುವವರೆಗೆ ಕಾಯದೆ ತಡೆ ಕಟ್ಟಿ. ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ 2022ರ ಫೆಬ್ರುವರಿಯಲ್ಲಿ, ಹಲವರು ಸೇರುವ ತನ್ನ ವಿಆರ್ ತಾಣ ಹೊರೈಜನ್‌ನಲ್ಲಿ ಅವತಾರಗಳ ನಡುವೆ ಸುಮಾರು 4 ಅಡಿ ಅಂತರ ಉಳಿಯುವಂತೆ ಮಾಡಿತು. ಇಂಥ ಅಂತರ ಮೊದಲಿನಿಂದಲೇ ಆನ್ ಇರಲಿ. ಸಡಿಲಿಸುವ ಆಯ್ಕೆ ಪ್ರತಿಯೊಬ್ಬರ ಕೈಯಲ್ಲಿರಲಿ.

ದೂರು ಕೊಡಲು ಸಾಕ್ಷ್ಯ ಬೇಕು, ಎಲ್ಲವನ್ನೂ ದಾಖಲಿಸಿದರೆ ಗೌಪ್ಯತೆ ಹೋಗುತ್ತದೆ. ಇದಕ್ಕೊಂದು ಮಧ್ಯದ ದಾರಿ: ಕೊನೆಯ 2-3 ನಿಮಿಷ ಸಾಧನದೊಳಗೆ ಮಾತ್ರ ಸುತ್ತುತ್ತ ಅಳಿಯುತ್ತಿರಲಿ, ಬಳಸುವವರು ‘ದೂರು’ ಒತ್ತಿದಾಗ ಮಾತ್ರ ಆ ತುಣುಕು ಸರ್ವರ್‌ಗೆ ಹೋಗಲಿ. ಹೀಗಿದೆ ಎಂದು ಒಳಗೆ ಬರುವ ಎಲ್ಲರಿಗೂ ತಿಳಿಸಿರಬೇಕು.

ಮುಖ, ಕಟ್ಟಡ, ಹಚ್ಚೆ, ಸಾಕ್ಷ್ಯ

ವಿಆರ್ ದೃಶ್ಯಕ್ಕೆಂದು ಯಾರದಾದರೂ ಮುಖ, ಮೈಯನ್ನು ಸ್ಕ್ಯಾನ್ ಮಾಡುವ ಮುನ್ನ ಯಾವ ಕೆಲಸಕ್ಕೆ, ಎಷ್ಟು ವರ್ಷ, ಯಾವ ಸನ್ನಿವೇಶಗಳಲ್ಲಿ ಬಳಸುವುದಿಲ್ಲ, ಸತ್ತ ಮೇಲೆ ಏನು ಎಂಬ ನಾಲ್ಕನ್ನೂ ಬರಹದಲ್ಲಿ ಪಡೆಯಿರಿ. ದಕ್ಷಿಣ ಕೊರಿಯಾದ ಟಿವಿ 2020ರಲ್ಲಿ, ತೀರಿಹೋದ ಮಗಳ ಪ್ರತಿರೂಪವನ್ನು ತಾಯಿ ವಿಆರ್‌ನಲ್ಲಿ ಭೇಟಿಯಾಗುವುದನ್ನು ಪ್ರಸಾರ ಮಾಡಿದ ಮೇಲೆ ಕೊನೆಯ ಪ್ರಶ್ನೆಯನ್ನು ತೆಗೆದುಹಾಕುವಂತೆಯೇ ಇಲ್ಲ. ಚರ್ಮದ ಮೇಲಿನ ಹಚ್ಚೆಗೆ ಅದನ್ನು ಬರೆದ ಕಲಾವಿದರ ಹಕ್ಕಿರಬಹುದು. ಅಮೆರಿಕದಲ್ಲಿ ವಿಡಿಯೊ ಗೇಮ್‌ಗಳ ಮೇಲೆ ಇಂಥ ಹಲವು ಮೊಕದ್ದಮೆಗಳು ನಡೆದು ತೀರ್ಪುಗಳು ಎರಡೂ ಕಡೆಗೆ ಬಂದಿವೆ. ಬೀದಿಯಲ್ಲಿ ಕಾಣುವ ಕಟ್ಟಡವೆಲ್ಲ ಬಿಟ್ಟಿಯಲ್ಲ: ಐಫೆಲ್ ಗೋಪುರ ಸ್ವತಃ ಹಕ್ಕುಸ್ವಾಮ್ಯದ ಅವಧಿ ದಾಟಿದೆ, ಅದರ ರಾತ್ರಿಯ ದೀಪಾಲಂಕಾರ ದಾಟಿಲ್ಲ. ವಿಆರ್‌ನೊಳಗೆ ಮಾರುವ ವಸ್ತುಗಳ ಬಗ್ಗೆ ಒಂದೇ ಮಾತು: ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ 2012ರಲ್ಲಿ ಆಟದೊಳಗಿನ ತಾಯಿತ ಮತ್ತು ಮುಖವಾಡದ ಅಪಹರಣವನ್ನು ಕಳ್ಳತನವೆಂದೇ ತೀರ್ಮಾನಿಸಿತು, ಆದ್ದರಿಂದ ‘ಅವು ಬರೀ ಚಿತ್ರ’ ಎಂಬ ಷರತ್ತನ್ನು ನಂಬಿ ಕೂರಬೇಡಿ.

2024ರ ಡಿಸೆಂಬರ್‌ನಲ್ಲಿ ಫ್ಲಾರಿಡಾದ ನ್ಯಾಯಾಲಯವೊಂದರಲ್ಲಿ ನ್ಯಾಯಾಧೀಶರೇ ಹೆಡ್‌ಸೆಟ್ ಹಾಕಿಕೊಂಡು ಆರೋಪಿಯ ಪರವಾಗಿ ಕಟ್ಟಿದ ಘಟನೆಯ ಮರುಸೃಷ್ಟಿಯನ್ನು ನೋಡಿದರು. ನಿಮ್ಮಿಂದ ಇಂಥದ್ದನ್ನು ಯಾರಾದರೂ ಕಟ್ಟಿಸಿದರೆ, ಅಳತೆ ಮಾಡಿದ್ದು ಯಾವುದು, ಸಾಕ್ಷಿಯ ಮಾತಿನಿಂದ ಬಂದದ್ದು ಯಾವುದು, ಊಹೆ ಯಾವುದು ಎಂದು ಪ್ರತಿ ವಸ್ತುವಿಗೂ ಗುರುತು ಹಾಕಿ. ಊಹೆಯನ್ನು ಬೂದು ಬಣ್ಣದಲ್ಲಿ ಬಿಡಿ. ನೋಡುವವರು ಯಾರ ಕಣ್ಣಿನಿಂದ ನೋಡುತ್ತಾರೆ ಎಂಬುದೇ ಅರ್ಧ ತೀರ್ಪು. ಕನಿಷ್ಠ ಎರಡು ಕೋನಗಳಿಂದ ಕಾಣಿಸಿ.

ಏನಾದರೂ ಆದರೆ

ಯಾರಾದರೂ ಬಿದ್ದರೆ, ಗಾಬರಿಯಿಂದ ಹೊರಬಂದರೆ, ಕಿರುಕುಳದ ದೂರು ಕೊಟ್ಟರೆ ಮೊದಲು ಮನುಷ್ಯರನ್ನು ನೋಡಿ: ಕೂರಿಸಿ, ನೀರು ಕೊಡಿ, ಹೆಡ್‌ಸೆಟ್ ಕಣ್ಣೆದುರಿನಿಂದ ತೆಗೆದಿಡಿ. ಆಮೇಲೆ ಆ ಸಾಧನವನ್ನು ಬೇರೆಯವರಿಗೆ ಕೊಡದೆ, ರೀಸೆಟ್ ಮಾಡದೆ ಪಕ್ಕಕ್ಕಿಡಿ. ಆವೃತ್ತಿ ಸಂಖ್ಯೆ, ದೃಶ್ಯ, ಸಮಯ, ಜಾಗದ ಫೋಟೊ ತೆಗೆದುಕೊಳ್ಳಿ. ಅದೇ ದೃಶ್ಯವನ್ನು ಕಾರಣ ಗೊತ್ತಾಗುವವರೆಗೆ ಯಾರಿಗೂ ತೋರಿಸಬೇಡಿ. ಮರುದಿನ ಮತ್ತು ಒಂದು ವಾರದ ನಂತರ ಫೋನ್ ಮಾಡಿ ನಿದ್ದೆ ಹೇಗಿದೆ, ಸುತ್ತಲಿನದು ನಿಜವಲ್ಲ ಅನ್ನಿಸುತ್ತಿದೆಯೇ ಎಂದು ಕೇಳಿ. ಹೌದೆಂದರೆ ಮಾನಸಿಕ ಆರೋಗ್ಯದ ವೈದ್ಯರ ಬಳಿ ಕಳಿಸಿ.

ಡೇಟಾ ಸೋರಿದ್ದು ಗೊತ್ತಾದರೆ ಗಡಿಯಾರ ನೋಡಿಕೊಳ್ಳಿ. ಜಿಡಿಪಿಆರ್ ಅನ್ವಯಿಸುವ ಕಡೆ, ಜನರಿಗೆ ಅಪಾಯವಾಗುವಂಥ ಸೋರಿಕೆಯನ್ನು ಗೊತ್ತಾದ 72 ಗಂಟೆಯೊಳಗೆ ನಿಯಂತ್ರಕರಿಗೆ ತಿಳಿಸಬೇಕು. ಯಾರಿಗೆ ಪತ್ರ ಹೋಗಬೇಕು, ಯಾರು ಸಹಿ ಹಾಕುತ್ತಾರೆ, ರಾತ್ರಿ ಯಾರ ಫೋನ್ ಬಡಿಯಬೇಕು ಎಂಬ ಹಾಳೆಯನ್ನು ಮೊದಲ ಬಳಕೆದಾರರು ಬರುವ ಮುನ್ನವೇ ತುಂಬಿ, ದೃಶ್ಯದ ಹಾಳೆಗಳ ಜೊತೆ ಅದೇ ಕಡತದಲ್ಲಿಡಿ. ಪಾಸ್‌ವರ್ಡ್ ಬದಲಿಸಿದಂತೆ ಚಲನೆಯ ಗುರುತನ್ನು ಬದಲಿಸಲಾಗುವುದಿಲ್ಲ. ಆದ್ದರಿಂದ ಬಾಧಿತರಿಗೆ ಬರೆಯುವ ಪತ್ರದಲ್ಲಿ ಯಾವ ಚಲನೆ, ಎಷ್ಟು ನಿಮಿಷದ್ದು, ಯಾವ ದಿನಾಂಕದ್ದು ಹೊರಹೋಯಿತು ಎಂದು ಬಿಡಿಸಿ ಹೇಳಿ.